ನಕಾಶೆಗೂ ಮೊದಲು ಹುಟ್ಟಿದ ನಾಡು

ಬೆಂಗಳೂರಿನ ಶಂಕರಪುರಂನ ಪಂಪ ಮಹಾಕವಿ ರಸ್ತೆಗೆ ಹತ್ತನೇ ಶತಮಾನದ ಕವಿಯ ಹೆಸರು. ಆ ರಸ್ತೆಯಲ್ಲಿರುವ ಶ್ರೀ ಕೃಷ್ಣರಾಜ ಪರಿಷನ್ಮಂದಿರಕ್ಕೆ ಮೈಸೂರು ಅರಸರ ಹೆಸರು. ಒಳಗಿರುವುದು 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು. ನಾಲ್ಕು ಹೆಜ್ಜೆ ಆಚೆಗೆ ಶೃಂಗೇರಿ ಶಂಕರ ಮಠ. ಸುತ್ತಲಿನ ಹಳೆಯ ಮನೆಗಳಲ್ಲಿ ಒಳಗೆ ತಮಿಳು, ತೆಲುಗು, ಮರಾಠಿ ಆಡುತ್ತಲೇ ಹೊರಬಾಗಿಲಲ್ಲಿ ಕನ್ನಡಕ್ಕೆ ತಿರುಗುವ ಕುಟುಂಬಗಳು. ಪರಿಷತ್ತು ಹುಟ್ಟಿದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಅದು ಬರಲು ಇನ್ನೂ 41 ವರ್ಷ ಬೇಕಿತ್ತು, ಆ ಹೆಸರು ಬರಲು 58 ವರ್ಷ.

ಇಲ್ಲದ ನಾಡೊಂದರ ಪರವಾಗಿ ಒಂದು ಸಂಸ್ಥೆ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು? ಕನ್ನಡಿಗ ಎಂಬ ಗುರುತು ಅನಾದಿಯಿಂದ ಹಾಗೆಯೇ ಹರಿದು ಬಂದದ್ದೋ, ಇತ್ತೀಚೆಗೆ ಯಾರೋ ಕಟ್ಟಿದ್ದೋ? ರಾಜ್ಯೋತ್ಸವದ ಭಾಷಣಗಳು ಮೊದಲನೆಯದನ್ನು ಹೇಳುತ್ತವೆ, ವಿಶ್ವವಿದ್ಯಾಲಯದ ಪ್ರಬಂಧಗಳು ಎರಡನೆಯದನ್ನು. ಭಾಷೆ ಹಳೆಯದು ಎಂಬುದರಲ್ಲಿ ತಕರಾರಿಲ್ಲ. ಅದರ ಮೇಲೆ ನಿಂತಿರುವ ರಾಜಕೀಯ ಗುರುತಿಗೆ ಮಾತ್ರ ನೂರಿಪ್ಪತ್ತು, ನೂರಮೂವತ್ತು ವರ್ಷ ವಯಸ್ಸು. ಅದನ್ನು ಯಾರು, ಯಾವ ಒತ್ತಡದಲ್ಲಿ, ಯಾರನ್ನು ಸೇರಿಸಿಕೊಂಡು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಟ್ಟಿದರು ಎಂಬುದನ್ನು ಈ ಬರಹ ನೋಡುತ್ತದೆ.

ಹರಿದು ಹಂಚಿಹೋದ ಕಾಲ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ಸೀಮೆ ಹಲವರ ಪಾಲಾಯಿತು. ಮೈಸೂರು ಒಡೆಯರಿಗೆ ಮರಳಿತು. ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ ಮದರಾಸಿಗೆ ಸೇರಿತು. 1818ರಲ್ಲಿ ಪೇಶ್ವೆ ಸೋತಾಗ ಧಾರವಾಡ, ಬೆಳಗಾವಿಗಳ ಸೀಮೆ ಮುಂಬಯಿ ಪ್ರಾಂತ್ಯದ ದಾರಿ ಹಿಡಿಯಿತು. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮನ ಕೈಯಲ್ಲೇ ಉಳಿದವು. 1834ರಲ್ಲಿ ಕೊಡಗನ್ನೂ ಕಂಪನಿ ನುಂಗಿತು. ಒಂದಾಗಿದ್ದ ಕರಾವಳಿಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟು ದಕ್ಷಿಣ ಕನ್ನಡವನ್ನು ಮದರಾಸಿನಲ್ಲಿ ಉಳಿಸಿದರು. ಇವುಗಳ ಸಂದುಗೊಂದುಗಳಲ್ಲಿ ಜಮಖಂಡಿ, ಮುಧೋಳ, ಸವಣೂರು, ಸೊಂಡೂರಿನಂಥ ಚಿಕ್ಕಪುಟ್ಟ ಸಂಸ್ಥಾನಗಳು ಬೇರೆ.

ಹೀಗಾಗಿ ಮೈಸೂರಿನವನಿಗೆ ಕನ್ನಡವೇ ಸರ್ಕಾರದ ಭಾಷೆಯಾಗಿದ್ದರೆ, ಧಾರವಾಡದವನು ಮರಾಠಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ. ಗುಲ್ಬರ್ಗದವನು ಕಚೇರಿಗೆ ಹೋದರೆ ಉರ್ದು ಅರ್ಜಿ ಬರೆಸಬೇಕು. ಮಂಗಳೂರಿನವನ ಕೋರ್ಟು, ಕಾಲೇಜು ಎಲ್ಲಕ್ಕೂ ಮದರಾಸೇ ದೊಡ್ಡ ಊರು. ಮುಂದೆ ಬೆಳೆದ ಕನ್ನಡ ಹಂಬಲದ ಸ್ವಭಾವವನ್ನು ಈ ಅಸಮಾನತೆಯೇ ತೀರ್ಮಾನಿಸಿತು. ಅದು ಹುಟ್ಟಿದ್ದು ಕನ್ನಡ ಸೊಂಪಾಗಿದ್ದ ಮೈಸೂರಿನಲ್ಲಿ ಅಲ್ಲ, ಕನ್ನಡಕ್ಕೆ ಉಸಿರುಗಟ್ಟಿದ್ದ ಧಾರವಾಡದಲ್ಲಿ. ಡೆಪ್ಯುಟಿ ಚನ್ನಬಸಪ್ಪನವರು ಅಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಮಾಡಿಕೊಟ್ಟರು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದರ ಮೊದಲ ಚಿಂತೆ ರಾಜ್ಯದ್ದಲ್ಲ, ಕನ್ನಡ ಪುಸ್ತಕದ್ದು.

ಚರಿತ್ರೆ ಕೈಗೆ ಸಿಕ್ಕಿದ್ದು

ಹಂಬಲಕ್ಕೆ ಆಧಾರ ಬೇಕಲ್ಲ! ಅದನ್ನು ಒದಗಿಸಿದವರಲ್ಲಿ ಹಲವರು ಪರಕೀಯರು. 1882ರಲ್ಲಿ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದರು. ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಸಂಪುಟಗಳಾಗಿ ತಂದರು. 1894ರಲ್ಲಿ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ‘ಕವಿರಾಜಮಾರ್ಗ’ ಹೊರಬಂತು. ಕಾವೇರಿ ಮತ್ತು ಗೋದಾವರಿಗಳ ನಡುವಿನ ನೆಲ ಕನ್ನಡದ್ದು ಎಂದು ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದ ಆ ಗ್ರಂಥ, ಓದುಬಲ್ಲ ಕನ್ನಡಿಗರ ಕೈಗೆ ಬಂದದ್ದು ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ. 1900ರಲ್ಲಿ ಸೆವೆಲ್ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಎಂದು ಕರೆದು ಪುಸ್ತಕ ಬರೆದರು.

ವಿದ್ವಾಂಸರ ಈ ಸರಕನ್ನು ಸಾಮಾನ್ಯ ಓದುಗನ ಅಭಿಮಾನವಾಗಿ ತಿರುಗಿಸಿದವರು ಆಲೂರು ವೆಂಕಟರಾಯರು. 1917ರ ಅವರ ‘ಕರ್ನಾಟಕ ಗತವೈಭವ’ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳನ್ನು ಒಂದೇ ಕಥೆಯ ಅಧ್ಯಾಯಗಳಂತೆ ಜೋಡಿಸಿತು. ಆ ಅರಸರು ತಮ್ಮನ್ನು ಹಾಗೆ ಒಂದೇ ವಂಶಾವಳಿಯಲ್ಲಿ ಕಂಡುಕೊಂಡಿದ್ದರೇ ಎಂದು ಇಂದಿನ ಇತಿಹಾಸಕಾರ ಕೇಳಬಹುದು. ಆಗ ಬೇಕಾಗಿದ್ದದ್ದು ಆ ಪ್ರಶ್ನೆಯಲ್ಲ. ಮರಾಠಿ ಶಾಲೆಯಲ್ಲಿ ಶಿವಾಜಿಯ ಕಥೆ ಓದಿ ಬೆಳೆದ ಧಾರವಾಡದ ಹುಡುಗನಿಗೆ ತನ್ನದೂ ಒಂದು ಕಥೆ ಇದೆ ಎಂದು ಹೇಳಬೇಕಾಗಿತ್ತು. ಆಲೂರರು ಹೇಳಿದರು, ನಾಡು ಕೇಳಿತು.

ಸಮ್ಮೇಳನಗಳು ಹಿಡಿದ ದಾರಿ

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಪರಿಷತ್ತು ಆರಂಭವಾಯಿತು. ಅದು ಮಾಡಿದ ದೊಡ್ಡ ರಾಜಕೀಯ ಕೆಲಸ ರಾಜಕೀಯದಂತೆ ಕಾಣಲೇ ಇಲ್ಲ. ಸಮ್ಮೇಳನ ನಡೆದ ಊರುಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. 1915, 1916 ಬೆಂಗಳೂರು, 1917 ಮೈಸೂರು. ಆಮೇಲೆ 1918ರಲ್ಲಿ ಧಾರವಾಡ, 1920ರಲ್ಲಿ ಹೊಸಪೇಟೆ, 1923ರಲ್ಲಿ ಬಿಜಾಪುರ, 1926ರಲ್ಲಿ ಬಳ್ಳಾರಿ, 1927ರಲ್ಲಿ ಮಂಗಳೂರು, 1928ರಲ್ಲಿ ಗುಲ್ಬರ್ಗ, 1931ರಲ್ಲಿ ಕಾರವಾರ, 1932ರಲ್ಲಿ ಮಡಿಕೇರಿ, 1934ರಲ್ಲಿ ರಾಯಚೂರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಕಾಸರಗೋಡು, 1950ರಲ್ಲಿ ಸೊಲ್ಲಾಪುರ.

ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂಬ ಐದು ಆಡಳಿತಗಳ ಗಡಿ ದಾಟಿ ಒಂದೇ ಚಪ್ಪರ ಊರಿಂದೂರಿಗೆ ಹೋಯಿತು. ಮಾತು ಛಂದಸ್ಸಿನದೋ, ಕಾಗುಣಿತದ್ದೋ, ಪಠ್ಯಪುಸ್ತಕದ್ದೋ ಆಗಿರುತ್ತಿತ್ತು. ಪ್ರತಿನಿಧಿಗಳು ಮಾತ್ರ ಬೇರೆ ಸರ್ಕಾರದ ಪ್ರಜೆಗಳ ಮನೆಯಲ್ಲಿ ಉಂಡು, ಅವರ ಕನ್ನಡ ಕೇಳಿ, ಇವರೂ ನಮ್ಮವರೇ ಎಂದುಕೊಂಡು ಹಿಂತಿರುಗುತ್ತಿದ್ದರು. ಈ ಪಟ್ಟಿಯ ಊರುಗಳಿಗೆ ಗೆರೆ ಎಳೆದರೆ 1956ರ ರಾಜ್ಯದ ಆಕಾರ ಹೆಚ್ಚುಕಡಿಮೆ ಮೂಡುತ್ತದೆ. ಹೊರಗುಳಿಯುವುದು ಕಾಸರಗೋಡು ಮತ್ತು ಸೊಲ್ಲಾಪುರ. ರಾಜ್ಯಗಳನ್ನು ಮರುವಿಂಗಡಿಸಿದ ಫಜಲ್ ಅಲಿ ಆಯೋಗಕ್ಕೆ ಎಷ್ಟೋ ವರ್ಷ ಮೊದಲೇ ನಾಡಿನ ನಕಾಶೆ ಬರೆದದ್ದು ಸಾಹಿತ್ಯ.

ರಾಜಕೀಯ ಅದರ ಹಿಂದೆಯೇ ಬಂತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷೆಯ ಆಧಾರದ ಮೇಲೆ ಪ್ರಾಂತ್ಯ ಸಮಿತಿಗಳನ್ನು ರಚಿಸಲು ಒಪ್ಪಿತು. ಕರ್ನಾಟಕಕ್ಕೆ ರಾಜ್ಯವಿಲ್ಲದಿದ್ದರೂ ಪ್ರದೇಶ ಕಾಂಗ್ರೆಸ್ ಸಮಿತಿ ಬಂತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದ ಹೊತ್ತಿಗೇ, ಅದೇ ಊರಿನಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಬೆಳಗಾವಿಯ ಕಾಂಗ್ರೆಸ್ ವೇದಿಕೆಯಿಂದಲೇ ಮನೆಮಾತಾಯಿತು.

ಮೈಸೂರಿನ ಹಿಂಜರಿಕೆ

ಏಕೀಕರಣದ ಕಥೆಯನ್ನು ಎಲ್ಲರೂ ಒಕ್ಕೊರಲಿನಿಂದ ಕೇಳಿ ಪಡೆದದ್ದು ಎಂಬಂತೆ ಹೇಳುವುದು ವಾಡಿಕೆ. ನಡೆದದ್ದು ಹಾಗಲ್ಲ. ಹಳೆ ಮೈಸೂರಿಗೆ ಆಗಲೇ ಎಲ್ಲವೂ ಇತ್ತು: ಅರಸರು, ‘ಕಾಯೌ ಶ್ರೀ ಗೌರಿ’ ಎಂಬ ಸಂಸ್ಥಾನದ ಗೀತೆ, ದಸರಾ, ಗಂಡಭೇರುಂಡ ಲಾಂಛನ, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ. ಬಡತನದ ಜಿಲ್ಲೆಗಳನ್ನು ಸೇರಿಸಿಕೊಂಡರೆ ನಮ್ಮ ಬೊಕ್ಕಸದ ಗತಿಯೇನು ಎಂದು ಇಲ್ಲಿನ ವಿದ್ಯಾವಂತರು ಬಹಿರಂಗವಾಗಿಯೇ ಕೇಳಿದರು. ಒಳಗೊಳಗೆ ಜಾತಿಯ ಲೆಕ್ಕವೂ ಇತ್ತು. ಹಳೆ ಮೈಸೂರಿನಲ್ಲಿ ಪ್ರಬಲರಾಗಿದ್ದ ಒಕ್ಕಲಿಗರು ದೊಡ್ಡ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆಯ ಮುಂದೆ ಹಿಂದೆ ಸರಿಯಬೇಕಾಗುತ್ತದೆ ಎಂಬ ಅಳುಕು ಅದು. ಎರಡು ಕನ್ನಡ ರಾಜ್ಯಗಳಾದರೆ ತಪ್ಪೇನು ಎಂಬ ವಾದ ಹುಟ್ಟಿದ್ದೇ ಅದರಿಂದ.

ಉತ್ತರದವರಿಗೆ ಅಷ್ಟು ಸಾವಧಾನ ಇರಲಿಲ್ಲ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡು ಆಂಧ್ರದ ಘೋಷಣೆಯಾದದ್ದನ್ನು ಅವರು ಕಂಡಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಜನ ತಮ್ಮದೇ ಕಾಂಗ್ರೆಸ್ ನಾಯಕರ ಮೇಲೆ ರೊಚ್ಚಿಗೆದ್ದರು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತಾದರೂ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿಯನ್ನು ಉಳಿಸಿಕೊಳ್ಳುವ ಹೋರಾಟದಲ್ಲಿ ಪ್ರಾಣ ಕೊಟ್ಟವರು ರಂಜಾನ್ ಸಾಬ್. ಏಕೀಕರಣದ ಹುತಾತ್ಮನ ಹೆಸರು ಇದು ಎಂಬುದನ್ನು ಕನ್ನಡಿಗರ ಗುರುತಿನ ಬಗ್ಗೆ ಮಾತಾಡುವವರು ಮರೆಯಬಾರದು.

ಮೈಸೂರಿನ ಒಳಗಿನಿಂದಲೇ ಏಕೀಕರಣಕ್ಕೆ ದನಿ ಕೊಟ್ಟವರೂ ಇದ್ದರು. ಕುವೆಂಪು ಅಖಂಡ ಕರ್ನಾಟಕದ ಪರ ನಿಂತರು. ತಮ್ಮ ಜನಾಂಗದ ಪ್ರಬಲರ ವಿರೋಧ ಕಟ್ಟಿಕೊಂಡೂ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಏಕೀಕರಣವನ್ನು ಬೆಂಬಲಿಸಿದರು. 1956ರ ನವೆಂಬರ್ 1ರಂದು ಹೊಸ ರಾಜ್ಯ ಬಂದಾಗ ಆ ಕುರ್ಚಿಯಲ್ಲಿ ಅವರಿರಲಿಲ್ಲ, ನಿಜಲಿಂಗಪ್ಪನವರಿದ್ದರು. ರಾಜ್ಯ ಒಂದಾದರೂ ಹೆಸರು ಮೈಸೂರು, ಲಾಂಛನ ಮೈಸೂರಿನದು, ರಾಜಧಾನಿ ದಕ್ಷಿಣದ ತುದಿಯಲ್ಲಿ. ಹಂಬಲಿಸಿದವರು ಉತ್ತರದವರು, ಸಂಸಾರ ಹೂಡಿದ್ದು ದಕ್ಷಿಣದ ಮನೆಯಲ್ಲಿ. ಕರ್ನಾಟಕ ಎಂಬ ಹೆಸರಿಗಾಗಿ 1973ರ ನವೆಂಬರ್ 1ರವರೆಗೆ, ದೇವರಾಜ ಅರಸರ ಆಡಳಿತದವರೆಗೆ, ಕಾಯಬೇಕಾಯಿತು.

ರಾಜಧಾನಿಯಲ್ಲೇ ಅಲ್ಪಸಂಖ್ಯಾತರು

ಏಕೀಕರಣದ ಮೊದಲು ಧಾರವಾಡದವರಿಗಿದ್ದ ಬೇಗೆ ಆಮೇಲೆ ಬೆಂಗಳೂರಿಗೆ ವರ್ಗವಾಯಿತು. ಈ ಊರು ಬಹುಕಾಲ ಎರಡು ಊರಾಗಿತ್ತು: ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಮೈಸೂರು ಬೆಂಗಳೂರು, 1809ರಿಂದ ಬೆಳೆದ ದಂಡಿನ ಪ್ರದೇಶದ ಇಂಗ್ಲಿಷ್, ತಮಿಳು ಬೆಂಗಳೂರು. 1949ರಲ್ಲಿ ಎರಡನ್ನೂ ಒಂದೇ ನಗರಪಾಲಿಕೆಯ ಕೆಳಗೆ ತಂದರು. ಜೊತೆಗೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು, ನಾನಾ ಕಡೆಯ ಜನ ಬಂದರು. ರಾಜ್ಯದ ರಾಜಧಾನಿಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆಯಾದರು.

ಕಿಡಿ ಹೊತ್ತಿದ್ದು ನಮ್ಮ ಆಸುಪಾಸಿನಲ್ಲೇ, ಅದೂ ಸಂಗೀತದ ವಿಷಯಕ್ಕೆ. ಅರವತ್ತರ ದಶಕದ ಆರಂಭದಲ್ಲಿ ನಗರದ ರಾಮೋತ್ಸವದ ಕಚೇರಿಗಳಲ್ಲಿ ಹೊರಗಿನ ವಿದ್ವಾಂಸರಿಗೇ ಮಣೆ, ನಮ್ಮ ಕಲಾವಿದರಿಗೆ ಜಾಗವಿಲ್ಲ ಎಂದು ಅ.ನ. ಕೃಷ್ಣರಾಯರು ಬೀದಿಗಿಳಿದರು. ಕಾದಂಬರಿಕಾರರೊಬ್ಬರು ಪಾನಕ, ಕೋಸಂಬರಿಯ ಹಬ್ಬದಲ್ಲಿ ಪ್ರತಿಭಟನೆಗೆ ನಿಂತದ್ದನ್ನು ಸಂಭಾವಿತರು ಅತಿಯೆಂದೇ ಭಾವಿಸಿರಬೇಕು. ಆದರೆ ಸಂಗೀತದಿಂದ ಸಿನಿಮಾಕ್ಕೆ, ಸಿನಿಮಾದಿಂದ ನೌಕರಿಗೆ ಆ ಪ್ರಶ್ನೆ ಹಬ್ಬಿತು. ಅವರ ಜೊತೆಗಿದ್ದ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ಇಂದಿಗೂ ಪ್ರತಿ ಆಟೋ ನಿಲ್ದಾಣದಲ್ಲಿ ಹಾರುತ್ತಿದೆ. ಸರ್ಕಾರ 2018ರಲ್ಲಿ ಹಳದಿ, ಬಿಳಿ, ಕೆಂಪಿನ ಬೇರೊಂದು ಧ್ವಜಕ್ಕೆ ಒಪ್ಪಿಗೆ ಕೊಟ್ಟು ದಿಲ್ಲಿಗೆ ಕಳಿಸಿತು. ಜನ ಹಳೆಯದನ್ನು ಬಿಡಲಿಲ್ಲ.

ಮುಂದಿನ ಘಟ್ಟ ಗೋಕಾಕ್ ಚಳವಳಿ. ಕನ್ನಡವನ್ನು ಓದದೆಯೇ, ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಪ್ರೌಢಶಾಲೆ ಮುಗಿಸಲು ಆಗ ಅವಕಾಶವಿತ್ತು. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಲಿ ಎಂದಿತು. ಸರ್ಕಾರ ಮೀನಮೇಷ ಎಣಿಸಿತು. 1982ರಲ್ಲಿ ಸಾಹಿತಿಗಳು ಶುರು ಮಾಡಿದ ಚಳವಳಿಗೆ ರಾಜ್‌ಕುಮಾರ್ ಇಳಿದದ್ದೇ ತಡ, ಅದು ಜನಸಾಗರವಾಯಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಬಿದ್ದು, ರಾಮಕೃಷ್ಣ ಹೆಗಡೆಯವರ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬರಲು ಇದೂ ಒಂದು ಕಾರಣ. ಸ್ಥಳೀಯರ ಉದ್ಯೋಗಕ್ಕಾಗಿ ಸರೋಜಿನಿ ಮಹಿಷಿ ಸಮಿತಿ ರಚನೆಯಾದದ್ದೂ ಆಗಲೇ.

ಕೆನಡಾದಿಂದ ಒಂದು ನೋಟ

2022ರ ಮೇನಲ್ಲಿ ಶಿರಾ ತಾಲ್ಲೂಕಿನ ದ್ವಾರಾಳು ಮೂಲದ ಸಂಸದ ಚಂದ್ರ ಆರ್ಯ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ನಮ್ಮವರು ಆ ವಿಡಿಯೋ ಹಂಚಿಕೊಂಡು ಹಿಗ್ಗಿದರು. ಆ ಸಂಸತ್ತು ಯಾವ ನಾಡಿನದು ಎಂಬುದನ್ನೂ ನೋಡಬೇಕಿತ್ತು. ನಮ್ಮ ಪ್ರಶ್ನೆಗಳೇ ಅವರವೂ.

ಕೆನಡಾ 1867ರಲ್ಲಿ ಒಂದು ರಾಜಕೀಯ ಒಪ್ಪಂದವಾಗಿ ಹುಟ್ಟಿತು, ಕಾಗದದ ಮೇಲೆ. ಇಂಗ್ಲಿಷ್ ಆಡುವವರು, ಫ್ರೆಂಚ್ ಆಡುವ ಕ್ವಿಬೆಕ್‌ನವರು ಒಂದೇ ಮನೆಯಲ್ಲಿದ್ದರೂ ಬೇರೆ ಬೇರೆ ಚರಿತ್ರೆ ಓದಿದರು. ಪಕ್ಕದ ದೈತ್ಯ ಅಮೆರಿಕದಂತೆ ನಾವಲ್ಲ ಎಂಬುದೇ ಎಷ್ಟೋ ಕಾಲ ಅವರ ಗುರುತಾಗಿತ್ತು. ತಮ್ಮದೇ ಎಲೆಯ ಬಾವುಟ ಬಂದದ್ದು 1965ರಲ್ಲಿ, ರಾಷ್ಟ್ರಗೀತೆ ಅಧಿಕೃತವಾದದ್ದು 1980ರಲ್ಲಿ. ಇಲ್ಲಿ ಗೋಕಾಕ್ ಚಳವಳಿ ನಡೆಯುವ ಐದು ವರ್ಷ ಮೊದಲು, 1977ರಲ್ಲಿ, ಕ್ವಿಬೆಕ್ ಫ್ರೆಂಚನ್ನು ಶಾಲೆ, ಕಚೇರಿ, ಅಂಗಡಿ ಫಲಕಗಳಿಗೆ ಕಡ್ಡಾಯ ಮಾಡಿ ಕಾನೂನು ತಂದಿತು. 1995ರ ಜನಮತಗಣನೆಯಲ್ಲಿ ಒಕ್ಕೂಟ ಉಳಿಯಲಿ ಎಂದವರು ಶೇ 50.58 ಮಾತ್ರ, ದೇಶ ಕೂದಲೆಳೆಯಲ್ಲಿ ಉಳಿಯಿತು.

ಕ್ವಿಬೆಕ್ ಫ್ರೆಂಚನ್ನು ಉಳಿಸಿಕೊಂಡದ್ದು ಶಾಲೆಯ ಮೂಲಕ. ವಲಸೆ ಬಂದವರ ಮಕ್ಕಳೂ ಫ್ರೆಂಚ್ ಶಾಲೆಗೇ ಹೋಗಬೇಕೆಂದು ಕಾನೂನು ಹೇಳಿತು. ನಮ್ಮಲ್ಲಿ ಅದು ಸಾಧ್ಯವಾಗಲಿಲ್ಲ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಶಾಲೆಯ ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ಅಂಗಡಿಯ ಫಲಕ. ಅದರಲ್ಲಿ ಶೇ 60 ಕನ್ನಡವಿರಲಿ ಎಂಬ ಕಾನೂನು ನ್ಯಾಯವಾದದ್ದೇ. ಆದರೆ ಫಲಕ ಓದಬಲ್ಲ ಮಗುವನ್ನು ಅದು ತಯಾರು ಮಾಡುವುದಿಲ್ಲ.

ಕೆನಡಾ ಕಲಿಸುವ ಇನ್ನೊಂದು ಪಾಠ ಕಹಿಯಾದದ್ದು. ಇಂಗ್ಲಿಷ್, ಫ್ರೆಂಚ್ ಎಂಬ ಇಬ್ಬರ ಜಗಳದಲ್ಲಿ ಆ ನೆಲದ ಮೂಲನಿವಾಸಿಗಳು ಲೆಕ್ಕಕ್ಕೇ ಬರಲಿಲ್ಲ. ಅವರ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗಳಲ್ಲಿಟ್ಟು ಭಾಷೆ ಮರೆಸಿದ್ದಕ್ಕೆ 2008ರಲ್ಲಿ ಸರ್ಕಾರ ಸಂಸತ್ತಿನಲ್ಲೇ ಕ್ಷಮೆ ಕೇಳಬೇಕಾಯಿತು. ದೊಡ್ಡ ಗುರುತಿನ ಗದ್ದಲದಲ್ಲಿ ಸಣ್ಣ ದನಿಗಳು ಮುಳುಗುವುದು ಅಲ್ಲಿ ಮಾತ್ರವಲ್ಲ.

ಯಾರು ಒಳಗೆ, ಯಾರು ಹೊರಗೆ

2011ರ ಜನಗಣತಿಯ ಪ್ರಕಾರ ರಾಜ್ಯದ ಮೂರರಲ್ಲಿ ಎರಡು ಪಾಲು ಜನರ ತಾಯ್ನುಡಿ ಕನ್ನಡ. ಉಳಿದ ಒಂದು ಪಾಲನ್ನು ಏನೆಂದು ಕರೆಯೋಣ? ತುಳು, ಕೊಡವ ನುಡಿಗಳಿಗೆ ಮುಖ್ಯ ಆಸರೆ ಈ ನೆಲವೇ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಅವಕ್ಕಿನ್ನೂ ಜಾಗ ಸಿಕ್ಕಿಲ್ಲ. 1956ರವರೆಗೆ ತನ್ನದೇ ವಿಧಾನಸಭೆಯಿದ್ದ ಕೊಡಗು ಒಂದು ಜಿಲ್ಲೆಯಾಯಿತು. ಅತ್ತ ಕಾಸರಗೋಡಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯುಸಿರಿನವರೆಗೆ ಕನ್ನಡಕ್ಕಾಗಿ ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಗಡಿ ಕುರಿತ ಮಹಾಜನ ವರದಿ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು.

ಭಾಷೆಯ ಒಳಗೂ ಹೊಸ್ತಿಲುಗಳಿದ್ದವು. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಪರಿಷತ್ತಿನ ಇತಿಹಾಸ ಬರೆಯುವವರಿಗೆ ಇದು ಮುಜುಗರದ ಪುಟ, ಕನ್ನಡ ಸಾಹಿತ್ಯಕ್ಕೆ ಮಾತ್ರ ಲಾಭದ ಪುಟ. 2025ರಲ್ಲಿ ಕನ್ನಡಕ್ಕೆ ಅಂತಾರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಆ ಬಂಡಾಯದ ಬಳುವಳಿ. ಅದೇ ವರ್ಷ ಅವರು ದಸರಾ ಉದ್ಘಾಟಿಸುವುದನ್ನು ತಡೆಯಲು ಕೆಲವರು ಸುಪ್ರೀಂ ಕೋರ್ಟಿನವರೆಗೂ ಹೋದರು, ಕೋರ್ಟು ಒಪ್ಪಲಿಲ್ಲ. ಕನ್ನಡವನ್ನು ಅರಿಶಿನ, ಕುಂಕುಮದ ಭುವನೇಶ್ವರಿಯಾಗಿ ಮಾತ್ರ ಕಾಣಬೇಕೇ ಎಂಬ ಅವರ ಹಿಂದಿನ ಪ್ರಶ್ನೆ ಹಲವರನ್ನು ಕೆರಳಿಸಿತ್ತು. ಬಳ್ಳಾರಿಯ ರಂಜಾನ್ ಸಾಬ್ ಸತ್ತ ನಾಡಿನಲ್ಲಿ ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಖಂಡಿತ ಇದೆ.

ಕನ್ನಡ ಕಟ್ಟಿದವರ ಪಟ್ಟಿಯೇ ಇದಕ್ಕೆ ಉತ್ತರ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಕೈಲಾಸಂ, ಪು.ತಿ.ನ. ಅವರದು ತಮಿಳು. ಗೋವಿಂದ ಪೈಗಳದು ಕೊಂಕಣಿ. ನಿಸಾರ್ ಅಹಮದರದು ಉರ್ದು. ಇವರಲ್ಲಿ ಯಾರನ್ನೂ ಹೊರಗಿನವರು ಎಂದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಶಂಕರಪುರಂನಂಥ ಬಡಾವಣೆಗಳು ಒಂದು ಶತಮಾನ ಕಾಲ ಬದುಕಿ ತೋರಿಸಿದ್ದೂ ಇದನ್ನೇ: ಮನೆಯ ಮಾತು ಯಾವುದಾದರೂ ಇರಲಿ, ಊರ ಮಾತು ಕನ್ನಡ.

ಬಾಕಿ ಉಳಿದ ಲೆಕ್ಕ

ಸಂಕೇತಗಳ ಮಟ್ಟಿಗೆ ನಾವು ಬಹುಪಾಲು ಗೆದ್ದಿದ್ದೇವೆ. 2004ರಲ್ಲಿ ಕುವೆಂಪು ಅವರ ಗೀತೆ ನಾಡಗೀತೆಯಾಯಿತು. ಅದರ ಧಾಟಿ ಇತ್ಯರ್ಥವಾಗಲು 2022 ಬೇಕಾಯಿತು ಎಂಬುದು ಬೇರೆ ಮಾತು. 2008ರಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆ, 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ, 2014ರಲ್ಲಿ ಬೆಂಗಳೂರು ಎಂಬ ಹೆಸರಿನ ಅಧಿಕೃತ ಮುದ್ರೆ.

ಪಾಲಿನ ಮಟ್ಟಿಗೆ ಲೆಕ್ಕ ಚುಕ್ತಾ ಆಗಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿತು. ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬರಲು ಏಕೀಕರಣವಾಗಿ 56 ವರ್ಷ ಕಳೆದಿತ್ತು. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟೆವು. ಹೆಸರು ಕೊಡುವುದು ಸುಲಭ. ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕೆಂಬ ಕೂಗು ಆಗಾಗ ಏಳುವುದನ್ನು ದ್ರೋಹವೆಂದು ಬೈದು ಕೂತರೆ, ಈ ನಾಡನ್ನು ಮೊದಲು ಬಯಸಿದವರೇ ಅವರು ಎಂಬುದನ್ನು ಮರೆತಂತೆ.

ಒಟ್ಟಾರೆ ನೋಡಿದರೆ ಕನ್ನಡದ ಗುರುತಿಗೆ ಮೂರು ಕೈಗಳು ದುಡಿದಿವೆ. ಧಾರವಾಡ ಹಂಬಲ ಕೊಟ್ಟಿತು, ಮೈಸೂರು ಆಡಳಿತ ಕೊಟ್ಟಿತು, ಬೆಂಗಳೂರು ಬೀದಿಯ ಹೋರಾಟ ಕೊಟ್ಟಿತು. ಮೂರೂ ಬಯಸಿದ್ದು ಒಂದೇ ಕರ್ನಾಟಕವನ್ನಲ್ಲ, ಆದರೂ ಒಂದು ಕರ್ನಾಟಕವಾಯಿತು. ಮನುಷ್ಯರು ಕಟ್ಟಿದ್ದಾದ್ದರಿಂದ ಇದು ದುರಸ್ತಿಯನ್ನೂ ಕೇಳುತ್ತದೆ. ಆ ದುರಸ್ತಿ ಬಾವುಟದ ಬಣ್ಣದಲ್ಲಿ ಆಗುವಂಥದ್ದಲ್ಲ. ಕನ್ನಡ ಶಾಲೆಯಲ್ಲಿ, ಯಾದಗಿರಿಯ ತಾಲ್ಲೂಕು ಆಸ್ಪತ್ರೆಯಲ್ಲಿ, ತುಳು, ಕೊಡವ, ಬ್ಯಾರಿ, ಉರ್ದು ಆಡುವ ಮಗು ತಾನೂ ಈ ನಾಡಿನದೇ ಎಂದು ಧೈರ್ಯವಾಗಿ ಹೇಳುವ ತರಗತಿಯಲ್ಲಿ ಆಗಬೇಕು. ಈ ನವೆಂಬರಿನಲ್ಲಿ ಧ್ವಜ ಏರಿಸುವ ಸಂಘಗಳು ಒಂದೊಂದು ಸರ್ಕಾರಿ ಕನ್ನಡ ಶಾಲೆಯ ಹೊಣೆಯನ್ನೂ ಹೊತ್ತರೆ, ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇರೆ ಬೇಕಿಲ್ಲ.